ಬಿತ್ತಿದ್ದೂ ಈರುಳ್ಳಿ, ಬೆಳೆದದ್ದೂ ಈರುಳ್ಳಿ

ವಿಡಿಯೊ ಶುರುವಾಗುವುದು ಕೈತುಂಬ ಈರುಳ್ಳಿಯಿಂದ. ಬದುವಿನ ಮೇಲೆ ನಿಂತ ರೈತ ಒಂದು ಬುಡ ಕಿತ್ತು, ಮಣ್ಣು ಕೊಡವಿ, ಕ್ಯಾಮೆರಾಕ್ಕೆ ತೋರಿಸುತ್ತಾನೆ. ಒಂದೇ ಬುಡಕ್ಕೆ ಆರೇಳು ಗೆಡ್ಡೆ, ಕೆಂಪಗೆ, ಒಂದಕ್ಕೊಂದು ಅಂಟಿಕೊಂಡು. ಮೈಕು ಹಿಡಿದ ಹುಡುಗ ಕೇಳುತ್ತಾನೆ, “ಅಣ್ಣಾ, ಎಕರೆಗೆ ಖರ್ಚೆಷ್ಟು?” “ಹಾಕು ತೊಂಬತ್ತು ಸಾವ್ರ.” “ಇಳುವರಿ?” “ಐವತ್ತು ಕ್ವಿಂಟಲ್‌ಗೆ ಮೋಸ ಇಲ್ಲ.” “ರೇಟು?” “ಈಗ ಅರವತ್ತು ನಡೀತಾ ಅದೆ.” ಮಿಕ್ಕಿದ್ದನ್ನು ಹುಡುಗನೇ ಮುಗಿಸುತ್ತಾನೆ. ಮೂರು ಲಕ್ಷ ಬಂತು, ತೊಂಬತ್ತು ಸಾವಿರ ಹೋಯಿತು, ಎಪ್ಪತ್ತು ದಿನಕ್ಕೆ ಕೈಯಲ್ಲಿ ಎರಡು ಲಕ್ಷದ ಹತ್ತು ಸಾವಿರ! ಹಿಂದೆ ಸಂಗೀತ ಜೋರಾಗುತ್ತದೆ.

ಇದು ಗುಂಡ್ಲುಪೇಟೆ ಸೀಮೆಯದು, ಸಣ್ಣ ಈರುಳ್ಳಿಯದು. ಪೇಟೆಯವರು ಸಾಂಬಾರ್ ಈರುಳ್ಳಿ ಅನ್ನುತ್ತಾರಲ್ಲ, ಅದೇ. ಇಂಥವನ್ನು ಎಷ್ಟು ನೋಡಿದ್ದೇನೋ ನೆನಪಿಲ್ಲ. ಊರು ಬೇರೆ, ಮುಖ ಬೇರೆ, ಅಂಕಿಯಲ್ಲಿ ಅಷ್ಟಿಷ್ಟು ಹೆಚ್ಚುಕಮ್ಮಿ. ಲೆಕ್ಕದ ಪಾಡು ಮಾತ್ರ ಒಂದೇ. ವಿಡಿಯೊಗೆ ಸೀಮಿತವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇದೇ ಲೆಕ್ಕ ಕೃಷಿ ಮೇಳದ ಭಿತ್ತಿಪತ್ರದಲ್ಲಿದೆ, ಪತ್ರಿಕೆಯ ಕೃಷಿ ಪುಟದ ಯಶೋಗಾಥೆಯಲ್ಲಿದೆ, ಸಾಲದ ಅರ್ಜಿಗೆ ಲಗತ್ತಿಸುವ ಪ್ರಾಜೆಕ್ಟ್ ರಿಪೋರ್ಟಿನಲ್ಲಿದೆ. ಹಬ್ಬಕ್ಕೆ ಬೆಂಗಳೂರಿನಿಂದ ಬಂದ ನೆಂಟರ ಬಾಯಲ್ಲೂ ಇದೆ: “ಅರ್ಧ ಎಕರೆ ಇದ್ದರೂ ಸಾಕು, ಸಣ್ಣ ಈರುಳ್ಳಿ ಹಾಕಿದರೆ ಎರಡೂವರೆ ತಿಂಗಳಿಗೆ ಲಕ್ಷ ಎಣಿಸಬಹುದು. ಆದರೂ ನಮ್ಮವರು ಬೆಲೆ ಬಿತ್ತು ಅಂತ ಅಳುವುದು ಬಿಡಲ್ಲ.” ಸಣ್ಣ ಹಿಡುವಳಿಗೆ ಸಣ್ಣ ಈರುಳ್ಳಿ ಲಾಭದ ಬೆಳೆ ಎಂಬುದು ಈಗ ಯಾರೂ ಪ್ರಶ್ನೆ ಮಾಡದ ಮಾತಾಗಿಬಿಟ್ಟಿದೆ. ನಷ್ಟವಾಯಿತೆಂದರೆ ತಪ್ಪು ರೈತನದು, ಅವನಿಗೆ ಲೆಕ್ಕ ಬರುವುದಿಲ್ಲ.

ಲೆಕ್ಕ ಬಾರದಿರುವುದು ರೈತನಿಗಲ್ಲ ಎಂದು ತೋರಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗೆಡ್ಡೆಯ ವಿಷಯ. ಹುಬ್ಬಳ್ಳಿ, ಚಿತ್ರದುರ್ಗದ ಕಡೆ ಬೆಳೆಯುವ ದಪ್ಪ ಈರುಳ್ಳಿಗೆ ಬಿತ್ತನೆ ಬೀಜ ಬೇಕಾಗುವುದು ಎಕರೆಗೆ ಮೂರು-ನಾಲ್ಕು ಕೆಜಿ. ಕಪ್ಪು ಕಾಳು, ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಸಣ್ಣ ಈರುಳ್ಳಿಯನ್ನು ಹೀಗೆ ಬಿತ್ತುವುದಿಲ್ಲ, ಗೆಡ್ಡೆಯನ್ನೇ ಊರಬೇಕು. ಹೆಕ್ಟೇರಿಗೆ 1,000ದಿಂದ 1,500 ಕೆಜಿ, ಅಂದರೆ ಎಕರೆಗೆ ನಾಲ್ಕರಿಂದ ಆರು ಕ್ವಿಂಟಲ್. ಒಂದು ಗೆಡ್ಡೆ ಮಣ್ಣಿನೊಳಗೆ ಹೋಗಿ ಐದಾರು ಗೆಡ್ಡೆಯಾಗಿ ಹೊರಗೆ ಬರುತ್ತದೆ. ಬೆಳೆ ಚೆನ್ನಾಗಿ ಬಂದರೆ ಎಕರೆಗೆ ಐವತ್ತು ಕ್ವಿಂಟಲ್. ತೂಕದಲ್ಲಿ ಹೇಳುವುದಾದರೆ ಒಂದಕ್ಕೆ ಹತ್ತು.

ರಾಗಿ ಬೆಳೆಯುವವನಿಗೆ ಒಂದಕ್ಕೆ ಹತ್ತು ಅಂದರೆ ನಗು ಬರುತ್ತದೆ. ಒಂದು ಸೇರು ರಾಗಿ ಚೆಲ್ಲಿದವನು ಪಲ್ಲಗಟ್ಟಲೆ ಬೆಳೆಯುತ್ತಾನೆ. ಬಿತ್ತನೆಯ ಖರ್ಚು ಅವನ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಸಣ್ಣ ಈರುಳ್ಳಿಯಲ್ಲಿ ಬಿತ್ತನೆಯೂ ಫಸಲೂ ಒಂದೇ ಪದಾರ್ಥ. ಅಡುಗೆಮನೆಗೆ ಹೋಗುವ ಗೆಡ್ಡೆಯೇ ಹೊಲಕ್ಕೂ ಹೋಗಬೇಕು. ಹಾಗಾಗಿ ಪೇಟೆಯಲ್ಲಿ ರೇಟು ಏರಿದ ದಿನವೇ ಬಿತ್ತನೆ ಗೆಡ್ಡೆಯ ರೇಟೂ ಏರುತ್ತದೆ. ಟೊಮೆಟೊ ನೂರು ರೂಪಾಯಿ ಮುಟ್ಟಿದರೂ ನರ್ಸರಿಯಲ್ಲಿ ಸಸಿಯ ಬೆಲೆ ಅದೇ ಅಳತೆಯಲ್ಲಿ ಏರುವುದಿಲ್ಲ. ಈರುಳ್ಳಿಯವನಿಗೆ ಆ ಅನುಕೂಲವಿಲ್ಲ.

ಇದರ ಪರಿಣಾಮವನ್ನು ಒಂದು ಎಕರೆಯ ಮೇಲೆ ಇಟ್ಟು ನೋಡೋಣ. ನಾನು ಹಾಕುವ ಅಂಕಿ ಉದಾಹರಣೆಗೆ ಮಾತ್ರ. ಓದುವವರು ತಮ್ಮೂರಿನ ಕೂಲಿ, ತಮ್ಮೂರಿನ ದರ ಹಾಕಿಕೊಳ್ಳಲಿ. ಐದು ಕ್ವಿಂಟಲ್ ಬಿತ್ತನೆ, ಕೆಜಿಗೆ 60 ರೂಪಾಯಿಯಂತೆ 30,000. ಉಳುಮೆ, ಗೊಬ್ಬರ, ಕಳೆ, ಔಷಧಿ, ಕಟಾವು, ಚೀಲ, ಬಾಡಿಗೆ ಎಲ್ಲ ಸೇರಿ 60,000. ಒಟ್ಟು 90,000, ವಿಡಿಯೊದ ಅಣ್ಣ ಹೇಳಿದ್ದೂ ಅಷ್ಟೇ. ಅಲ್ಲಿಯವರೆಗೆ ನನಗೂ ಅವನಿಗೂ ಜಗಳವಿಲ್ಲ. ಜಗಳ ಶುರುವಾಗುವುದು ಆಮೇಲೆ. ವಿಡಿಯೊ ನೋಡಿ ಬೆಳೆಗೆ ಇಳಿಯುವವನಿಗೆ 60 ರೂಪಾಯಿ ಬಿತ್ತುವ ದಿನದ ದರ. ಅದನ್ನೇ ಎತ್ತಿ ಕೀಳುವ ದಿನಕ್ಕೆ ಅಂಟಿಸಿದರೆ ಎರಡು ಲಕ್ಷದ ಹತ್ತು ಸಾವಿರ ಹುಟ್ಟಿಕೊಳ್ಳುತ್ತದೆ. ನಡುವೆ ಎಪ್ಪತ್ತು ದಿನವಿದೆ. 60 ಕಂಡು ಹುರುಪಾದವನು ನೀವೊಬ್ಬರೇ ಅಲ್ಲ. ಪಕ್ಕದ ಹೊಲದವನು ಊರಿದ್ದಾನೆ, ಪಕ್ಕದ ಹೋಬಳಿಯವನು ಊರಿದ್ದಾನೆ, ಗಡಿಯಾಚೆ ದಿಂಡಿಗಲ್, ತಿರುಪ್ಪೂರು, ಪೆರಂಬಲೂರಿನವರೂ ಊರಿದ್ದಾರೆ. ಚಾಮರಾಜನಗರದ ಗೆಡ್ಡೆಯೂ ಅವರ ಗೆಡ್ಡೆಯೂ ಹೋಗಿ ಬೀಳುವುದು ಅದೇ ಪೇಟೆಗಳಿಗೆ, ಬಹುಮಟ್ಟಿಗೆ ಅದೇ ವಾರಗಳಲ್ಲಿ. ಎಲ್ಲರೂ ಕಿತ್ತ ದಿನ ದರ 15ಕ್ಕೆ ಬಂದಿತೆನ್ನಿ. ಐವತ್ತು ಕ್ವಿಂಟಲಿಗೆ 75,000. ಕೈಯಿಂದ 15,000 ಹೋಯಿತು. ಇಳುವರಿಯಲ್ಲಿ ಒಂದು ಗೆಡ್ಡೆಯೂ ಕಡಿಮೆಯಾಗದೆ ಆದ ನಷ್ಟ ಇದು.

ಒಂದಕ್ಕೆ ಹತ್ತು ಎಂಬ ಪ್ರಮಾಣದಿಂದ ಇನ್ನೊಂದು ವಿಷಯ ಗೊತ್ತಾಗುತ್ತದೆ. ಬಿತ್ತನೆಗೆ ಕೊಟ್ಟ ದರದ ಹತ್ತನೇ ಒಂದು ಪಾಲು ಮಾರುವ ಪ್ರತಿ ಕೆಜಿಯ ಮೇಲೂ ಕೂರುತ್ತದೆ. 20 ರೂಪಾಯಿಯ ಗೆಡ್ಡೆ ಊರಿದವನಿಗೆ ಕೆಜಿಗೆ ಎರಡು ರೂಪಾಯಿ ಭಾರ, 100 ರೂಪಾಯಿಯದು ಊರಿದವನಿಗೆ ಹತ್ತು. ಇಳುವರಿ 35 ಕ್ವಿಂಟಲಿಗೆ ಇಳಿದರೆ ಹತ್ತನೇ ಪಾಲು ಏಳನೇ ಪಾಲಾಗುತ್ತದೆ. ಒಂದು ಕಳೆ ಕೀಳುವ ಮೊದಲೇ, ಒಂದು ಹನಿ ಔಷಧಿ ಹೊಡೆಯುವ ಮೊದಲೇ, ಇಬ್ಬರು ನೆರೆಹೊರೆಯವರ ನಡುವೆ ಕೆಜಿಗೆ ಎಂಟು ರೂಪಾಯಿ ಅಂತರ ಬಿದ್ದಾಯಿತು. ದರ ಮೇಲಿದ್ದಾಗ ಬೆಳೆಗೆ ಇಳಿಯುವವನು ದುಬಾರಿ ಗೆಡ್ಡೆ ಊರಿ ಅಗ್ಗದ ಗೆಡ್ಡೆ ಕೀಳುತ್ತಾನೆ. ಯಶೋಗಾಥೆ ಓದಿ ಇಳಿಯುವವನು ಇಳಿಯುವುದೇ ಆಗ. ದರ ಬಿದ್ದ ವರ್ಷ ಯಾವ ಪತ್ರಿಕೆಯೂ ಈರುಳ್ಳಿಯ ಯಶೋಗಾಥೆ ಹಾಕುವುದಿಲ್ಲವಲ್ಲ.

“ಹಾಗಾದರೆ ಸ್ವಂತ ಗೆಡ್ಡೆ ಇಟ್ಟುಕೊಳ್ಳಲಿ” ಎನ್ನುತ್ತಾರೆ. ನ್ಯಾಯವಾದ ಮಾತು. ನಮ್ಮ ಸೋದರತ್ತೆಯ ಮನೆಯಲ್ಲಿ ಹಾಗೆ ಇಟ್ಟುಕೊಳ್ಳುತ್ತಿದ್ದರು. ಹಿತ್ತಲಲ್ಲಿ ಬಿದಿರ ತಡಿಕೆಯ ಅಟ್ಟ, ನೆಲದಿಂದ ಮೊಣಕಾಲೆತ್ತರ, ಸುತ್ತ ಗಾಳಿಯಾಡುವ ಹಾಗೆ ತೆಂಗಿನ ಗರಿ. ಕಿತ್ತ ಗೆಡ್ಡೆಯನ್ನು ಅವತ್ತೇ ಊರಿದರೆ ಮೊಳೆಯುವುದಿಲ್ಲ, ಅದಕ್ಕೆ ಎರಡು ತಿಂಗಳ ನಿದ್ದೆ ಬೇಕು. ಆ ಎರಡು ತಿಂಗಳು ಅತ್ತೆಗೆ ನಿದ್ದೆ ಇರುತ್ತಿರಲಿಲ್ಲ. ಬೆಳಿಗ್ಗೆ ಎದ್ದವರೇ ಅಟ್ಟದ ಹತ್ತಿರ ಹೋಗಿ ಮೂಗೊಡ್ಡಿ ನೋಡುತ್ತಿದ್ದರು. ಕೊಳೆತ ಗೆಡ್ಡೆ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಒಂದು ಕೊಳೆತರೆ ಸುತ್ತಿನ ಹತ್ತು ಹಾಳು. ಕೈ ಹಾಕಿ ತಡಕಿ, ಮೆತ್ತಗಾದದ್ದನ್ನು ಹುಡುಕಿ ತೆಗೆದು, ಕೆಳಗಿನದನ್ನು ಮೇಲೆ ಮಾಡಿ, ಕೈ ಮೂಸಿಕೊಂಡು ಒಳಗೆ ಬರುತ್ತಿದ್ದರು. ಹೀಗೆ ಕಾದರೂ ಒಣಗಿ, ಕೊಳೆತು, ಮೊಳೆತು ಕಾಲು ಭಾಗ ಹೋಗುವುದು ಆಶ್ಚರ್ಯದ ಸಂಗತಿಯಲ್ಲ. ಐದು ಕ್ವಿಂಟಲ್ ಊರಬೇಕೆಂದರೆ ಏಳು ಕ್ವಿಂಟಲ್ ಹತ್ತಿರ ಎತ್ತಿಡಬೇಕು.

ಏಳು ಕ್ವಿಂಟಲನ್ನು ಎತ್ತಿಡುವುದೆಂದರೆ ಸುಗ್ಗಿಯ ದಿನ ಹತ್ತು ಸಾವಿರ ರೂಪಾಯಿಯನ್ನು ಅಟ್ಟದ ಮೇಲೆ ಹಾಕಿದಂತೆ. ಆ ದಿನವೇ ಗೊಬ್ಬರದಂಗಡಿಯವನು ಬಂದಿರುತ್ತಾನೆ, ಸಂಘದ ಕಂತು ಬಂದಿರುತ್ತದೆ, ಜೂನ್ ಆಗಿದ್ದರೆ ಸ್ಕೂಲ್ ಫೀಸು. ದರ ಕಮ್ಮಿ ಇದ್ದ ವರ್ಷ ಸಾಲ ತೀರಿಸಲು ಹೆಚ್ಚು ಚೀಲ ಬೇಕು, ಹಾಗಾಗಿ ಅಟ್ಟಕ್ಕೆ ಕಮ್ಮಿ ಏರುತ್ತದೆ. ಎತ್ತಿಡಬೇಕಾದ ವರ್ಷವೇ ಎತ್ತಿಡಲು ಆಗದ ವರ್ಷ. “ಬಿತ್ನೆಗೆ ಅಂತ ಮಡಗಿದ್ದ ಗೆಡ್ಡೇನ ಹೊಟ್ಟೆಪಾಡ್ಗೆ ಮಾರ್ಬುಟ್ಟೊ ಕನಪ್ಪ,” ಅತ್ತೆ ಒಂದು ಸಲ ಹೇಳಿದ್ದರು. ಅದರ ಬೆಲೆ ಎರಡು ತಿಂಗಳ ಮೇಲೆ ಗೊತ್ತಾಯಿತು. ಮಾರಿದ ಗೆಡ್ಡೆಯಂಥದ್ದೇ ಗೆಡ್ಡೆಯನ್ನು ಮೂರು ಪಟ್ಟು ಕೊಟ್ಟು ಕೊಂಡರು. ಎಕರೆ ಲೆಕ್ಕದ ಭಿತ್ತಿಪತ್ರದಲ್ಲಿ “ಬಿತ್ತನೆ ಗೆಡ್ಡೆ” ಎಂದು ಒಂದು ಸಾಲಿರುತ್ತದೆ, ಅದರ ಮುಂದೆ ಒಂದೇ ಅಂಕಿ. ಅಟ್ಟ ಇರುವವನ ಅಂಕಿಯೂ ಅಟ್ಟ ಖಾಲಿಯಾದವನ ಅಂಕಿಯೂ ಒಂದೇ ಹೇಗಾದೀತು?

ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಇದಕ್ಕೊಂದು ದಾರಿ ಹುಡುಕಿದೆ, ಹೇಳದಿದ್ದರೆ ತಪ್ಪಾದೀತು. ಅವರ ಕೋ-5 ತಳಿ ಹೂಬಿಟ್ಟು ಬೀಜ ಕಟ್ಟುತ್ತದೆ. ಗೆಡ್ಡೆಯ ಬದಲು ಬೀಜದಿಂದಲೇ ಸಣ್ಣ ಈರುಳ್ಳಿ ಬೆಳೆಯಬಹುದು. ಬಿತ್ತನೆಯ ಖರ್ಚು ನಿಜಕ್ಕೂ ಇಳಿಯುತ್ತದೆ. ಆದರೆ ಬೀಜವನ್ನು ಮೊದಲು ಮಡಿಯಲ್ಲಿ ಚೆಲ್ಲಿ, ತಿಂಗಳ ಮೇಲೆ ಕಾಪಾಡಿ, ಹುಲ್ಲಿನೆಳೆಯಂಥ ಸಸಿಯನ್ನು ಒಂದೊಂದಾಗಿ ಕಿತ್ತು ನಾಟಿ ಹಾಕಬೇಕು. ದುಡ್ಡು ಉಳಿದ ಕಡೆ ಕೈ ಬೇಕಾಗುತ್ತದೆ, ದಿನ ಬೇಕಾಗುತ್ತದೆ. “ಎಪ್ಪತ್ತೇ ದಿನ” ಎಂಬ ಜಾಹೀರಾತು ಅಲ್ಲಿಗೆ ಮುಗಿಯಿತು. ಇದನ್ನು ಬೇಡವೆನ್ನುವವನು ನಾನಲ್ಲ. ಬೀಜದ ಖರ್ಚು, ಗೆಡ್ಡೆಯ ದಿನ ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿ ಲಾಭ ಹಿಗ್ಗಿಸುವವರಿದ್ದಾರೆ, ಅವರನ್ನು ಬೇಡವೆನ್ನುತ್ತೇನೆ.

ಇನ್ನು ಕೈಗಳ ಮಾತು. ಕಿತ್ತ ಈರುಳ್ಳಿಯನ್ನು ಹೊಲದಲ್ಲೇ ಸಾಲಾಗಿ ಹರವಿ, ಒಂದರ ಸೊಪ್ಪು ಇನ್ನೊಂದರ ಗೆಡ್ಡೆಗೆ ನೆರಳಾಗುವಂತೆ ಮಲಗಿಸುತ್ತಾರೆ. ಬಾಡಿದ ಮೇಲೆ ಸೊಪ್ಪು ಕೊಯ್ಯಬೇಕು. ಇದು ಹೆಂಗಸರ ಕೆಲಸ ಎಂದು ಯಾರು ತೀರ್ಮಾನಿಸಿದರೋ, ನಾನು ಗಂಡಸು ಕೂತು ಕೊಯ್ದದ್ದನ್ನು ನೋಡಿಲ್ಲ. ಕುಕ್ಕರಗಾಲಲ್ಲಿ ಕೂತು, ಕುಡುಗೋಲಿನ ಹಿಡಿಯನ್ನು ಪಾದದ ಕೆಳಗೆ ಒತ್ತಿ ಹಿಡಿದು, ಅಲುಗನ್ನು ಮೇಲೆ ಮಾಡಿಕೊಂಡು, ಒಂದು ಹಿಡಿ ಈರುಳ್ಳಿಯನ್ನು ಅದಕ್ಕೆ ತಾಗಿಸಿ ಎಳೆಯುತ್ತಾರೆ. ಕತ್ತು ಬಹಳ ಗಿಡ್ಡವಾದರೆ ಗೆಡ್ಡೆ ಕೊಳೆಯುತ್ತದೆ, ಉದ್ದವಾದರೆ ವ್ಯಾಪಾರಿ ತೂಕದಲ್ಲಿ ಮುರಿಯುತ್ತಾನೆ. ಬೆರಳಿನ ಅಳತೆಯಲ್ಲೇ ನಿಲ್ಲಬೇಕು. ದಪ್ಪ ಈರುಳ್ಳಿ ಒಂದು ಕೊಯ್ದರೆ ನೂರು ಗ್ರಾಂ ಆಯಿತು. ಇದು ಹತ್ತು ಹದಿನೈದು ಗ್ರಾಮಿನ ಗೆಡ್ಡೆ. ಐವತ್ತು ಕ್ವಿಂಟಲಿಗೆ ಎಷ್ಟು ಸಲ ಕೈ ಆಡಬೇಕು, ಎಣಿಸಿಕೊಳ್ಳಿ. ಸಂಜೆಗೆ ಬೆರಳ ಸಂದಿಯಲ್ಲಿ ಹೊಗರು ಕೂತು ರಾಗಿ ಮುದ್ದೆ ಹಿಡಿದರೆ ಉರಿಯುತ್ತದೆ.

ಹೊರಗಿನ ಆಳು ಬಂದರೆ ಕೂಲಿ ಬರೆದುಕೊಳ್ಳುತ್ತಾರೆ. ಮನೆಯವರು ಕೂತರೆ ಬರೆದುಕೊಳ್ಳುವುದಿಲ್ಲ. ಮುಯ್ಯಾಳಿನಲ್ಲಿ ಬಂದ ಪಕ್ಕದ ಮನೆಯಾಕೆಯ ದಿನವನ್ನೂ ಬರೆಯುವುದಿಲ್ಲ, ಮುಂದಿನ ವಾರ ಅತ್ತೆ ಅವಳ ಹೊಲದಲ್ಲಿ ತೀರಿಸಿದ ದಿನವನ್ನೂ ಬರೆಯುವುದಿಲ್ಲ. ವಿಡಿಯೊದ 90,000ದಲ್ಲಿ ಅವೊಂದೂ ಇಲ್ಲ. ಸರ್ಕಾರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗಕ್ಕೇ ಈ ವ್ಯತ್ಯಾಸ ಗೊತ್ತು. ಕೈಯಿಂದ ಹೋದ ದುಡ್ಡನ್ನು ಅದು ಎ-2 ಎನ್ನುತ್ತದೆ. ಮನೆಮಂದಿಯ ದುಡಿಮೆಗೆ ಕೂಲಿ ಕಟ್ಟಿ ಸೇರಿಸಿದರೆ ಎ-2 ಜೊತೆ ಎಫ್‌ಎಲ್. ಸ್ವಂತ ಭೂಮಿಯ ಗುತ್ತಿಗೆ, ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ಸಿ-2. ಭತ್ತ, ರಾಗಿಯ ಬೆಂಬಲ ಬೆಲೆಯ ಚರ್ಚೆಯಲ್ಲಿ ಈ ಮೂರರ ಮೇಲೆ ವರ್ಷಾನುಗಟ್ಟಲೆ ಜಗಳವಾಗಿದೆ. ಬೆಂಬಲ ಬೆಲೆಯೇ ಇಲ್ಲದ ಈರುಳ್ಳಿಗೆ ಬಂದಾಗ ಎಲ್ಲರಿಗೂ ಎ-2 ಸಾಕು.

ಹಿಂದಿನ ಎಕರೆಗೆ ಮರಳೋಣ. ಮನೆಯವರ ದುಡಿಮೆ ನಲವತ್ತು ದಿನ, ದಿನಕ್ಕೆ 400ರಂತೆ 16,000. ಅದೇ ಹೊಲವನ್ನು ಗುತ್ತಿಗೆಗೆ ಕೊಟ್ಟಿದ್ದರೆ ಆ ಕಾಲಕ್ಕೆ 10,000 ಬರುತ್ತಿತ್ತೆನ್ನಿ. 90,000 ಈಗ 1,16,000. ಐವತ್ತು ಕ್ವಿಂಟಲ್ ಬಂದರೆ ಕೆಜಿಗೆ 23 ರೂಪಾಯಿ ಬಿದ್ದರಷ್ಟೇ ಸಮ. ಮೂವತ್ತೈದೇ ಬಂದರೆ ಕೆಜಿಗೆ 33. ಕಟಾವಿನ ಕೂಲಿಯಲ್ಲಿ ಅಷ್ಟಿಷ್ಟು ಉಳಿದರೂ ಮೂವತ್ತರ ಆಸುಪಾಸು. ಲಾಭ ಎಂಬ ಮಾತು ಅದರ ಮೇಲಿನದಕ್ಕೆ ಸಲ್ಲಬೇಕು. 25 ರೂಪಾಯಿಗೆ ಮಾರಿ “ಮೂವತ್ತೈದು ಸಾವಿರ ಉಳೀತು” ಎಂದು ಮೀಸೆ ತಿರುವುವವನ ಕೈಯಲ್ಲಿರುವುದು ಬಹುಪಾಲು ಹೆಂಡತಿಯ ಕೂಲಿ, ತಾಯಿಯ ಕೂಲಿ, ಸ್ವಂತ ಹೊಲದ ಗುತ್ತಿಗೆ.

ಮೂವತ್ತೈದು ಕ್ವಿಂಟಲ್ ಅಂದದ್ದು ಹೆದರಿಸಲಿಕ್ಕಲ್ಲ. ಥ್ರಿಪ್ಸ್ ನುಸಿ ಸುಳಿಯಲ್ಲಿ ಕೂತರೆ ಎಲೆ ಬೆಳ್ಳಗಾಗುತ್ತದೆ, ಮೋಡ ಮುಸುಕಿದ ವಾರದಲ್ಲಿ ನೇರಳೆ ಮಚ್ಚೆ ಬರುತ್ತದೆ, ನೀರು ನಿಂತರೆ ಬುಡ ಕೊಳೆಯುತ್ತದೆ, ಎಲೆ ತಿರುಚಿಕೊಂಡು ಕತ್ತು ಉದ್ದವಾಗುವ ರೋಗ ಬೇರೆ. ಕಿತ್ತು ಹರವಿದ ರಾತ್ರಿ ಒಂದು ಹದ ಮಳೆ ಬಂದರೆ ಮುಗಿಯಿತು, ಖರ್ಚೆಲ್ಲ ಮಾಡಿದ ಮೇಲೆ ಬರುವ ನಷ್ಟ ಅದು. ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬರೆಯುವವರು “ಸರಾಸರಿ ಇಳುವರಿ” ಎಂದು ಚೆನ್ನಾಗಿ ಬಂದ ವರ್ಷದ ಇಳುವರಿಯನ್ನು ಹಾಕುವುದನ್ನು ನಿಲ್ಲಿಸಿದರೆ ಸಾಕು.

ಪೇಟೆಯ ಚೀಟಿಯ ಕಥೆ ಎಲ್ಲರಿಗೂ ಗೊತ್ತಿದೆ, ಅದಕ್ಕೇ ಚುಟುಕಾಗಿ ಹೇಳುತ್ತೇನೆ. 2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು ಯಶವಂತಪುರದ ಮಾರುಕಟ್ಟೆಗೆ 205 ಕೆಜಿ ದಪ್ಪ ಈರುಳ್ಳಿ ತಂದರು. ಕ್ವಿಂಟಲಿಗೆ 200 ರೂಪಾಯಿಯಂತೆ 410 ಬಂತು. ಸಾಗಣೆಗೆ 377 ರೂಪಾಯಿ 64 ಪೈಸೆ, ಹಮಾಲಿಗೆ 24. ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಆ ಚೀಟಿ ದೇಶವೆಲ್ಲ ಸುತ್ತಿತು, ಜನ ಅಯ್ಯೋ ಅಂದರು. ನನಗೆ ಅದರಲ್ಲಿ ಕಂಡದ್ದು 8.36 ಅಲ್ಲ, 377.64. ದರ ಬಿದ್ದಾಗ ಲಾರಿ ಬಾಡಿಗೆ ಬೀಳುವುದಿಲ್ಲ, ಚೀಲದ ಬೆಲೆ ಬೀಳುವುದಿಲ್ಲ, ಸೊಪ್ಪು ಕೊಯ್ದ ಕೂಲಿ ಬೀಳುವುದಿಲ್ಲ. ಕೆಜಿಗೆ 60 ಇದ್ದಾಗ ಕಣ್ಣಿಗೇ ಕಾಣದ ಖರ್ಚುಗಳು 10 ಆದಾಗ ಇಡೀ ಚೀಟಿಯನ್ನು ನುಂಗುತ್ತವೆ. ಗುಂಡ್ಲುಪೇಟೆಯವರಿಗೆ ಇನ್ನೊಂದಿದೆ. ಕೇರಳಕ್ಕೆ ಹೋಗುವ ರಸ್ತೆ ಬಂಡೀಪುರದ ಕಾಡಿನೊಳಗಿನದು; 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಲಾರಿ ಓಡುವಂತಿಲ್ಲ. ಕಾಡಿಗೆ ಅದು ಒಳ್ಳೆಯದೇ, ನಾನದರ ಪರ. ಆದರೆ ತಾಲ್ಲೂಕಿನ ತೆರಕಣಾಂಬಿ ಸಂತೆಯಲ್ಲಿ ಸಂಜೆಯಾಗುತ್ತ ಬಂದಂತೆ ವ್ಯಾಪಾರಿ ಗಡಿಯಾರ ನೋಡಿಕೊಂಡು ದರ ಹೇಳುತ್ತಾನೆ, ಚೀಲ ಇಳಿಸಿಕೊಂಡು ಕೂತವನು ಒಪ್ಪುತ್ತಾನೆ.

ದಲ್ಲಾಳಿಯ ತಲೆಗೆ ಎಲ್ಲವನ್ನೂ ಕಟ್ಟಿ ಮುಗಿಸುವವರ ಜೊತೆಗೂ ನಾನಿಲ್ಲ. ರಿಸರ್ವ್ ಬ್ಯಾಂಕಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗ್ರಾಹಕ ಈರುಳ್ಳಿಗೆ ಕೊಡುವ ರೂಪಾಯಿಯಲ್ಲಿ ರೈತನಿಗೆ ಮುಟ್ಟುವುದು ಸುಮಾರು 36 ಪೈಸೆ. ಕಾನೂನಿನ ಪ್ರಕಾರ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ಅದು ಎಷ್ಟು ಮಂಡಿಗಳಲ್ಲಿ ರೈತನ ಚೀಟಿಯಲ್ಲಿ ಬೇರೆ ಹೆಸರಿನಲ್ಲಿ ಮುರಿದುಕೊಳ್ಳಲ್ಪಡುತ್ತದೆ ಎಂಬುದೂ ಗೊತ್ತಿರುವ ಸಂಗತಿ. ಅದನ್ನೆಲ್ಲ ಸರಿಪಡಿಸಿದರೂ ಒಂದಕ್ಕೆ ಹತ್ತರ ಲೆಕ್ಕ ಹಾಗೇ ಇರುತ್ತದೆ, ಎಪ್ಪತ್ತು ದಿನದ ಅಂತರವೂ ಹಾಗೇ.

ಸರ್ಕಾರ ಏನು ಮಾಡುತ್ತದೆ? ಈರುಳ್ಳಿ ಅಂದರೆ ದಿಲ್ಲಿಗೆ ನಾಸಿಕ್ ಮಾತ್ರ ಕಾಣುತ್ತದೆ. 2023-24ರಲ್ಲಿ ದಾಸ್ತಾನಿನ ಗುರಿಯನ್ನು 3 ಲಕ್ಷ ಟನ್ನಿನಿಂದ 5 ಲಕ್ಷಕ್ಕೆ ಏರಿಸಿದರು; ಅದು ನಗರದಲ್ಲಿ ಬೆಲೆ ಏರಿದಾಗ ಇಳಿಸುವುದಕ್ಕಾಗಿ ಕೂಡಿಟ್ಟ ದಪ್ಪ ಈರುಳ್ಳಿ. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಬೆಂಗಳೂರು ಗುಲಾಬಿ ಈರುಳ್ಳಿಯ ಪಾಡು ನೋಡಿದರೆ ಸಣ್ಣವರ ಸ್ಥಾನ ಎಲ್ಲಿ ಎಂದು ತಿಳಿಯುತ್ತದೆ. 2015ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಈರುಳ್ಳಿಯನ್ನು ನಮ್ಮವರು ತಿನ್ನುವುದೇ ಅಪರೂಪ, ಬಹುಪಾಲು ಮಲೇಷ್ಯಾ, ಸಿಂಗಪುರದಂಥ ದೇಶಗಳಿಗೆ ಹೋಗುತ್ತದೆ. 2019ರ ಸೆಪ್ಟೆಂಬರ್ 29ರಂದು ರಫ್ತು ನಿಷೇಧವಾದಾಗ ಅದೂ ಸಿಕ್ಕಿಹಾಕಿಕೊಂಡಿತು. ತಿಂಗಳು ಗೋಗರೆದ ಮೇಲೆ 9,000 ಟನ್ನಿಗೆ ಬಾಗಿಲು ತೆರೆದರು. 2020ರ ಸೆಪ್ಟೆಂಬರ್ 14ರಂದು ಮತ್ತೆ ನಿಷೇಧ, ಅಕ್ಟೋಬರಿನಲ್ಲಿ 10,000 ಟನ್ನಿಗೆ ಅನುಮತಿ, ಅದೂ ಚೆನ್ನೈ ಬಂದರಿನಿಂದ ಮಾತ್ರ. 2023ರ ಆಗಸ್ಟಿನಲ್ಲಿ ಶೇ 40 ಸುಂಕ, ಸೆಪ್ಟೆಂಬರ್ ಕೊನೆಗೆ ವಿನಾಯಿತಿ, ಡಿಸೆಂಬರ್ 8ಕ್ಕೆ ಇಡೀ ಈರುಳ್ಳಿಗೆ ಮತ್ತೆ ಬೀಗ. ಹಾಕುವಾಗ ಎಲ್ಲರಿಗೂ ಸೇರಿಸಿ ಹಾಕುತ್ತಾರೆ, ತೆಗೆಯುವಾಗ ಸಣ್ಣವನು ಅರ್ಜಿ ಹಿಡಿದು ನಿಲ್ಲಬೇಕು. ಹೊಲದಲ್ಲಿರುವ ಬೆಳೆಗೆ ಹೀಗೆ ಕಾಯುವ ಒಂದು ತಿಂಗಳು ಬಹಳ ದೊಡ್ಡದು. ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲೂ “ಅಧಿಸೂಚನೆ” ಎಂಬ ಖರ್ಚಿನ ಸಾಲನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಲೆಕ್ಕ ಬಲ್ಲವರು ಕೊನೆಯ ಅಸ್ತ್ರ ತೆಗೆಯುತ್ತಾರೆ: “ಒಂದು ಬೆಳೆ ನೋಡಬೇಡಿ, ಐದು ಬೆಳೆಯ ಸರಾಸರಿ ನೋಡಿ. ಎರಡು ಹೋದರೂ ಒಂದು ಭರ್ಜರಿ ಬಂದರೆ ಎಲ್ಲ ಸರಿಯಾಗುತ್ತದೆ.” ನಿಜ, 2019ರ ಡಿಸೆಂಬರಿನಂಥ ತಿಂಗಳು ಬರುತ್ತದೆ, ಈರುಳ್ಳಿ ನೂರು ದಾಟುತ್ತದೆ. 2023ರ ಜುಲೈನಲ್ಲಿ ತಮಿಳುನಾಡಿನ ಪೇಟೆಗಳಲ್ಲಿ ಸಣ್ಣ ಈರುಳ್ಳಿಯೂ ನೂರು ದಾಟಿತ್ತು. ಆ ದಿನ ಯಾರ ಹೊಲದಲ್ಲಿ ಬೆಳೆ ನಿಂತಿತ್ತೋ ಅವರು ಮನೆ ಕಟ್ಟಿಸಿದರು, ಟ್ರ್ಯಾಕ್ಟರ್ ತಂದರು. ಹೊಟ್ಟೆಕಿಚ್ಚಿಲ್ಲ. ಆದರೆ ಸರಾಸರಿ ಸಿಗುವುದು ಐದೂ ಬೆಳೆ ಹಾಕಲು ಶಕ್ತಿ ಇದ್ದವನಿಗೆ. ಹತ್ತು ಎಕರೆ, ಎರಡು ಕೊಳವೆಬಾವಿ, ಪೇಟೆಯಲ್ಲಿ ಒಂದು ಅಂಗಡಿ ಇರುವವನು ಎರಡು ನಷ್ಟ ತಡೆದುಕೊಂಡು ಮೂರನೆಯದಕ್ಕೆ ಕೂರುತ್ತಾನೆ. ದರ ಬಿದ್ದು ಗೆಡ್ಡೆ 15 ರೂಪಾಯಿಗೆ ಸಿಗುವಾಗ ಊರಿದವನಿಗಲ್ಲವೇ ಲಾಭದ ಸಂಭವ ಹೆಚ್ಚು? ಒಂದೆಕರೆಯವನು ಆ ಹೊತ್ತಿಗೆ ಮೊದಲ ನಷ್ಟದ ಸಾಲ ತೀರಿಸಲು ಕೇರಳದ ಶುಂಠಿ ಹೊಲಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೋಗಿರುತ್ತಾನೆ. ಅವನ ಎರಡನೇ ಬೆಳೆ ಶುರುವಾಗುವುದು ದರ ಮತ್ತೆ ಏರಿ, ಮತ್ತೆ ವಿಡಿಯೊ ಬಂದು, ಮತ್ತೆ ಯಾರೋ ಸಾಲ ಕೊಟ್ಟಾಗ. ದೊಡ್ಡವನ ಸರಾಸರಿಯನ್ನು ಇವನ ಹೆಸರಿನಲ್ಲಿ ಬರೆಯುವುದು ಯಾವ ನ್ಯಾಯ?

ಹಾಗಾದರೆ ಜನ ಯಾಕೆ ಬೆಳೆಯುತ್ತಾರೆ, ದಡ್ಡರೇ ಎಂದು ಕೇಳಬಹುದು. ಈ ಪ್ರಶ್ನೆಯನ್ನು ನಾನೂ ಅತ್ತೆಗೆ ಕೇಳಿದ್ದೆ. “ಲಾಬಕ್ಕೆ ಅಂತ ಯಾರ್ ಬೆಳ್ದಾರು? ಕಯ್ಯಲ್ಲಿ ಕಾಸು ಓಡಾಡ್ತಾ ಇರ್ಬೇಕಲ್ಲ” ಅಂದರು. ಅರಿಸಿನ ಹಾಕಿದರೆ ಒಂಬತ್ತು ತಿಂಗಳು, ಬಾಳೆ ಹಾಕಿದರೆ ವರ್ಷ. ಎಪ್ಪತ್ತು ದಿನಕ್ಕೆ ಇಡಿಗಂಟು ಕೈಗೆ ಬರುವ ಬೆಳೆ ಒಂದೆಕರೆಯವನಿಗೆ ಎಷ್ಟಿವೆ? ನಷ್ಟವಾದರೂ ಹಾಕಿದ 90,000ದಲ್ಲಿ 75,000 ಒಟ್ಟಿಗೆ ಬರುತ್ತದೆ, ಅದರಲ್ಲಿ ಕಂತು ಕಟ್ಟಬಹುದು, ಮದುವೆಗೆ ಮುಯ್ಯಿ ಮಾಡಬಹುದು, ಇನ್ನೊಂದು ಸಾಲ ಹುಟ್ಟಿಸಿಕೊಳ್ಳಬಹುದು. ಚೀಟಿ ಫಂಡಿನ ಹರಾಜಿನಲ್ಲಿ ಒಂದಿಷ್ಟು ಬಿಟ್ಟು ಚೀಟಿ ಎತ್ತಿಕೊಂಡವನು ನಷ್ಟ ಒಪ್ಪಿಕೊಂಡೇ ದುಡ್ಡು ಒಯ್ಯುವುದಿಲ್ಲವೇ, ಹಾಗೆ. ಅದು ದಡ್ಡತನವಲ್ಲ. ಅದನ್ನು ಲಾಭ ಎಂದು ಕರೆದು, ಅದರ ಮೇಲೆ ಯೋಜನೆ ಬರೆದು, ನಷ್ಟವಾದ ದಿನ ಅವನನ್ನೇ ದೂರುವುದು ಮಾತ್ರ ದಡ್ಡತನವೋ ಮೋಸವೋ ನನಗೆ ತೀರ್ಮಾನಿಸಲು ಆಗಿಲ್ಲ.

ಬೇಕಾಗಿರುವುದು ದೊಡ್ಡದೇನಲ್ಲ. ಹೋಬಳಿಗೊಂದು ಗಾಳಿಯಾಡುವ ಗೆಡ್ಡೆ ಗೋದಾಮು, ಅದರಲ್ಲಿಟ್ಟ ಗೆಡ್ಡೆಯ ಮೇಲೆ ಸುಗ್ಗಿಯ ದಿನವೇ ಒಂದಿಷ್ಟು ಮುಂಗಡ. ಅಷ್ಟಿದ್ದರೆ ಅಟ್ಟ ಖಾಲಿ ಮಾಡಿ ಮಾರುವುದು ತಪ್ಪುತ್ತದೆ, ಮೂರು ಪಟ್ಟು ಕೊಟ್ಟು ಕೊಳ್ಳುವುದೂ ತಪ್ಪುತ್ತದೆ. ಬೆಲೆ ಕುಸಿದಾಗ ಮಾರುಕಟ್ಟೆ ಮಧ್ಯಪ್ರವೇಶ ಎನ್ನುವಾಗ ಸಣ್ಣ ಈರುಳ್ಳಿಗೆ ಅದರದೇ ಖರ್ಚಿನ ಲೆಕ್ಕ ಇರಲಿ, ದಪ್ಪದ ನೆರಳಿನಲ್ಲಿ ತೂಗುವುದು ಬೇಡ. ಎಕರೆಯ ಲಾಭ ಅಚ್ಚು ಹಾಕುವವರು ಗೆಡ್ಡೆಯ ದರ ಯಾವ ದಿನದ್ದು, ಮಾರಿದ ದರ ಯಾವ ದಿನದ್ದು, ಸೊಪ್ಪು ಕೊಯ್ದವರು ಯಾರು ಎಂಬ ಮೂರನ್ನು ಬರೆಯಲಿ.

ಮೊದಲು ಹೇಳಿದ ವಿಡಿಯೊವನ್ನು ಕಳೆದ ಸಲ ಹೋದಾಗ ಅತ್ತೆಗೆ ತೋರಿಸಿದೆ. ಅಟ್ಟದ ಮುಂದೆ ಕೂತು ಗೆಡ್ಡೆ ಆರಿಸುತ್ತಿದ್ದರು, ಕೈ ಒರೆಸಿಕೊಂಡು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಪೂರ್ತಿ ನೋಡಿದರು. ಮೂರು ಲಕ್ಷ ಬಂತು, ತೊಂಬತ್ತು ಸಾವಿರ ಹೋಯಿತು. ಸಂಗೀತ ಜೋರಾಯಿತು. ಅತ್ತೆ ಫೋನು ವಾಪಸು ಕೊಟ್ಟರು.

“ಇವ್ನು ನಮ್ ಪಕ್ಕದೂರ್ನೋನೆ ಅಲ್ವಾ. ಬಿತ್ನೆ ಗೆಡ್ಡೆ ನಮ್ಮಟ್ಟದ್ದೇ. ದುಡ್ಡು ಇನ್ನೂ ಕೊಟ್ಟಿಲ್ಲ ಕನಪ್ಪ.”